ಕೈಗೆಟುಕದ ಬೆನ್ನು

ಸೋಕಿದರೆ ಹರಡುವ ರೋಗವೊಂದು ಲೋಕದ ಕಾಡುಗಳನ್ನೆಲ್ಲ ಬರಿದು ಮಾಡಿ ಅಡಗಿತು. ಒಂದು ಬೆಟ್ಟದಲ್ಲಿ ಮುದಿ ಹೆಣ್ಣು ಕೋತಿಯೊಂದು, ಕಪ್ಪು ಮುಖದ ಎಳೆಯ ಮುಸುವವೊಂದು ಉಳಿದವು. ಯಾರನ್ನೂ ಮುಟ್ಟದೆ ದೂರ ಕುಳಿತಿದ್ದರಿಂದಲೇ ಎರಡೂ ಬದುಕಿದ್ದವು.

ಕೋತಿ ದಿನವೂ ಮರದ ಕಾಂಡಕ್ಕೆ ಬೆನ್ನು ಉಜ್ಜುತ್ತಿತ್ತು. ಉಣ್ಣಿ ಕಚ್ಚಿದ ಜಾಗ ಹುಣ್ಣಾಗಿತ್ತು.

ಎದುರು ಮರದಿಂದ ಮುಸುವ ಹೇಳಿತು: "ಅಜ್ಜಿ, ಹಾಗೆ ಉಜ್ಜಿದರೆ ಚರ್ಮ ಹೋಗುತ್ತದೆ, ಉಣ್ಣಿ ಹೋಗುವುದಿಲ್ಲ."

"ನಾನು ಯಾವ ಲೆಕ್ಕದಲ್ಲಿ ನಿನಗೆ ಅಜ್ಜಿಯೋ, ಕರಿಮೂತಿ? ಅಲ್ಲೇ ಇರು."

"ಮಳೆಗಾಲದಿಂದ ಇಲ್ಲೇ ಇದ್ದೇನೆ. ನಾನು ತೆಗೆಯಲೇ?"

"ನಿನ್ನ ಕೈಯಲ್ಲಿ ರೋಗವಿದ್ದರೆ?"

"ನಿಮ್ಮ ಬೆನ್ನಲ್ಲೂ ಇರಬಹುದು. ನನಗೂ ಭಯವೇ. ಆದರೆ ನನ್ನ ಬೆನ್ನೂ ನನ್ನ ಕೈಗೆ ಎಟುಕುವುದಿಲ್ಲ."

ಕೋತಿ ಉಜ್ಜುವುದನ್ನು ನಿಲ್ಲಿಸಿತು. ಆಮೇಲೆ ಮೆಲ್ಲಗೆ ಹೇಳಿತು: "ರೋಗ ಬಂದಾಗ ನನ್ನ ಮಗಳು ಉಣ್ಣಿ ತೆಗೆಯೆಂದು ಬೆನ್ನು ತೋರಿಸಿ ಕುಳಿತಳು. ಕರೆದಳು. ನಾನು ಹೋಗಲಿಲ್ಲ. ಅದಕ್ಕೇ ಉಳಿದಿದ್ದೇನೆ."

ಮುಸುವ ಮರದಿಂದಿಳಿದು ಬಂದು, ಕೋತಿಯಿಂದ ಒಂದು ಮೊಳ ದೂರದಲ್ಲಿ ಅದಕ್ಕೆ ಬೆನ್ನು ಮಾಡಿ ಕುಳಿತು ಕಣ್ಣು ಮುಚ್ಚಿತು.

ಕೋತಿಯ ಕೈ ಮುಂದೆ ಹೋಗಿ ಹಿಂದೆ ಬಂತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಬೆರಳುಗಳು ಉದ್ದ ಕೂದಲನ್ನು ಸೀಳಿ ಬೆಚ್ಚಗಿನ ಚರ್ಮವನ್ನು ಮುಟ್ಟಿದವು.

"ಏನಿದು, ಇಷ್ಟೊಂದು ಹೇನು!" ಎಂದು ಕೋತಿ ಗದರಿತು. "ಅಲುಗಾಡದೆ ಕೂತುಕೋ, ತಲೆ ಬಗ್ಗಿಸು."

ಮುಸುವ ತಲೆ ಬಗ್ಗಿಸಿತು.