ಸಾಕು ಅನ್ನುವ ಈರಜ್ಜಿ

ಮೈ ಎಂಬ ಒಂದು ರಾಜ್ಯ. ಆ ರಾಜ್ಯದ ಬಲಪಕ್ಕೆಯ ಕೆಳಗೆ ಲಿವರ್ ಅಂತ ಒಂದು ಊರು. ರಾಜ್ಯ ಉಂಡದ್ದರ ವಿಷವನ್ನೆಲ್ಲ ತೊಳೆಯುವುದು ಆ ಊರಿನವರ ಕಸುಬು. ತೊಳೆದೂ ತೊಳೆದೂ ಮನೆಗಳು, ಅಂದರೆ ಜೀವಕೋಶಗಳು, ಕುಸಿಯುತ್ತಿದ್ದವು. ಒಂದು ಕುಸಿದರೆ ಪಕ್ಕದ ಮನೆಯೇ ಒಡೆದು ಎರಡಾಗಬೇಕು.

ಆದರೆ ಅಜ್ಜಿಯರನ್ನು ಕೇಳದೆ ಎರಡಾಗುವಂತಿಲ್ಲ, ಅದು ಪದ್ಧತಿ. ಮನೆಮನೆಗೂ ಇಬ್ಬರು ಅಜ್ಜಿಯರು, ಅಮ್ಮನ ಕಡೆಯವಳೊಬ್ಬಳು, ಅಪ್ಪನ ಕಡೆಯವಳೊಬ್ಬಳು. ಒಬ್ಬಳು "ಸಾಕು" ಅಂದರೂ ಮುಗಿಯಿತು. ಡಾಕ್ಟರು ಇವರನ್ನು ಗಡ್ಡೆ ತಡೆಯುವ ವಂಶವಾಹಿ ಅನ್ನುತ್ತಾರಂತೆ. ನಮಗೆ ಅಜ್ಜಿ ಅಂದರೇ ಸಲೀಸು.

ಆ ಊರಿನ ಬೊಮ್ಮ ಅನ್ನುವವನ ಮನೆಯ ಅಜ್ಜಿಯರು ನಾಗಜ್ಜಿ, ಈರಜ್ಜಿ. ಬೂಷ್ಟು ಹಿಡಿದ ಕಡಲೆಬೀಜದ ವಿಷ ತಗುಲಿ ನಾಗಜ್ಜಿ ತೀರಿಕೊಂಡಳು. ಈರಜ್ಜಿ ಇದ್ದಾಳಲ್ಲ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈರಜ್ಜಿಗೆ ಮಾತ್ರ ಹೆದರಿಕೆ. ತಾನೂ ಹೋದರೆ ಈ ಮೊಮ್ಮಗನಿಗೆ ಬೇಡ ಅನ್ನುವವರು ಯಾರು?

ಮನೆ ಎರಡು ಮಾಡಲೇ ಅಂತ ಬೊಮ್ಮ ಕೇಳಿದ. ಸಾಕು ಅಂದಳು. ಮತ್ತೆ ಕೇಳಿದ. ಸಾಕು ಅಂದಳು. ಮೂರನೆಯ ಸಲ ಅವನು ಕೇಳಲೇ ಇಲ್ಲ. ಅಜ್ಜಿಯನ್ನು ಹೊರಗೆ ಹಾಕಿ ಅಗುಳಿ ಹಾಕಿಕೊಂಡ.

ಮನೆ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಯಾವುದರಲ್ಲೂ ಅಜ್ಜಿಯಿಲ್ಲ. ನೆರೆಯವರ ಓಣಿ ನುಂಗಿದ, ಕಾಲುವೆ ನುಂಗಿದ, ಪಿತ್ತದ ತೂಬು ಮುಚ್ಚಿದ. ರಾಜ್ಯವೆಲ್ಲ ಅರಿಶಿನದ ಹಾಗೆ ಹಳದಿಯಾಯಿತು. ಕ್ಯಾನ್ಸರ್ ಅನ್ನುವುದು ಇದಕ್ಕೇ.

ಬಾಗಿಲ ತೋರಣ ನೋಡಿ ನಮ್ಮವರೋ ಅಲ್ಲವೋ ಅಂತ ಹೇಳುವ ರಾಜ್ಯದ ಕಾವಲಿನವರು ಬಂದರು. ಬೊಮ್ಮನೇನು ದಡ್ಡನೇ? ಎಲ್ಲ ಮನೆಗೂ ಊರಿನವರದೇ ತೋರಣ ಕಟ್ಟಿದ್ದ. ನಮ್ಮವರೇ ಅಂದುಕೊಂಡು ಅವರು ಹಿಂದಿರುಗಿದರು.

ಈರಜ್ಜಿ ಬೀದಿಯಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಎತ್ತಿ ಆಡಿಸಿದವನನ್ನು ಹಿಡಿದುಕೊಡುವುದು ಹೇಗೆ? ಕೊಡದಿದ್ದರೆ ಊರು ಉಳಿಯುವುದು ಹೇಗೆ? ಅತ್ತಳು. ಕಣ್ಣೊರೆಸಿಕೊಂಡು ಕಾವಲಿನವರ ಹಿಂದೆ ಓಡಿದಳು.

"ತೋರಣ ನೋಡಬೇಡ್ರಪ್ಪ. ಬಾಗಿಲಲ್ಲಿ ನಿಂತು 'ಅಜ್ಜೀ' ಅಂತ ಕೂಗಿ. ಒಳಗಿಂದ 'ಏನು ಮಗಾ' ಅಂತ ಯಾರೂ ಅನ್ನದಿದ್ರೆ, ಅದು ನನ್ನ ಮೊಮ್ಮಗಂದು."

ಹಾಗೇ ಕೂಗಿದರು. ಓಗೊಡದ ಮನೆಗಳೆಲ್ಲ ಉರುಳಿದವು. ಕೊನೆಗೆ ಉಳಿದದ್ದು ಬೊಮ್ಮನ ಮೊದಲ ಮನೆ. ಅಲ್ಲಿ ಕಾವಲಿನವರು ಅಗುಳಿ ಮುರಿದ ಕೂಡಲೇ ಈರಜ್ಜಿ ಅವರಿಗೆ ಕೈ ಅಡ್ಡ ಹಿಡಿದು, ತಾನೊಬ್ಬಳೇ ಒಳಗೆ ಹೋದಳು. ಮೂಲೆಯಲ್ಲಿ ಅಡಗಿದ್ದವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ಬೆಳೆದದ್ದು ಸಾಕು ಕಂದಾ. ಮಲಗು, ನಾನಿದ್ದೀನಿ."

ಬೊಮ್ಮ ಮಲಗಿದ. ಮತ್ತೆ ಏಳಲಿಲ್ಲ. ಅಜ್ಜಿ ಬಹಳ ಹೊತ್ತು ಅವನ ತಲೆ ನೇವರಿಸುತ್ತಲೇ ಇದ್ದಳು.

ಕೇಳಿದಿರಾ ಮಕ್ಕಳೇ? ಅತಿಯಾದರೆ ಅಮೃತವೂ ವಿಷ. ಸಾಕು ಅನ್ನುವವರನ್ನು ಹೊರಗೆ ಹಾಕಿದ ಮನೆ ಊರನ್ನೂ ಉಳಿಸದು, ತಾನೂ ಉಳಿಯದು.