ಕಾಲಿಲ್ಲದ ಮೊಸಳೆ

"ಮತ್ತೆ ಬಾಯಿ ಹಾಕಿದೆಯಾ? ನಾನಿನ್ನೂ ನೀರಿನಿಂದ ತಲೆಯೇ ಎತ್ತಿಲ್ಲ!" ಎಂದು ಹಳೆಯ ಸಿನಿಮಾಕ್ಕೆಂದು ಕಂಪ್ಯೂಟರಿನಲ್ಲಿ ಮಾಡಿದ್ದ ಮೊಸಳೆ ಸಿಡುಕಿದಳು.

"ಅಜ್ಜಿ, ನಿನಗೆ ಕಾಲೇ ಮಾಡಿಲ್ಲವಲ್ಲ!" ಎಂದು ಅವಳ ಜಾಗಕ್ಕೆಂದೇ ಮಾಡಿದ ಹೊಸ ಮೊಸಳೆ ನಕ್ಕಳು.

"ಆಗಿನ ಯಂತ್ರದ ಕೈಲಾದದ್ದು ಅಷ್ಟೇ. ಉಳಿದದ್ದನ್ನು ಕೆಸರುನೀರಲ್ಲಿ ಮುಚ್ಚಿದರು."

ಸಿನಿಮಾದ ಎಡಿಟರ್ ಇಬ್ಬರನ್ನೂ ಪರದೆಯ ಮೇಲೆ ತನ್ನ ಪುಟ್ಟ ಮಗಳಿಗೆ ತೋರಿಸಿದ. ಅವಳನ್ನು ಹೆದರಿಸಲಾಗದೆ ಸೋತ ಮೊಸಳೆಯನ್ನು ಅಳಿಸುವವನಿದ್ದ. ಹೊಸಬಳು ಬಿಸಿಲಿಗೆ ಬಂದು ಮೈಯೆಲ್ಲ ತೋರಿಸಿದಳು. ಹುಡುಗಿ ಚಕ್ಕುಲಿ ಕಡಿಯುತ್ತ ಅವಳ ಹಲ್ಲು ಎಣಿಸಿದಳು. ಹಳಬಳು ಕೆಸರಿನಿಂದ ಎರಡು ಕಣ್ಣಷ್ಟೇ ಎತ್ತಿದಳು. ಹುಡುಗಿ ಚಕ್ಕುಲಿ ಬಿಟ್ಟು, ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಳು.

ಎಡಿಟರನ ಬೆರಳು ಅಳಿಸುವ ಗುಂಡಿಯತ್ತ ಸರಿಯಿತು. ಹೊಸಬಳು ಗಾಬರಿಯಿಂದ ಹಳಬಳತ್ತ ತಿರುಗಿದಳು.

"ಅಜ್ಜಿ, ಬೇಗ ಹೇಳು, ನನ್ನಲ್ಲಿ ಏನು ಕಡಿಮೆಯಿತ್ತು?"