ಗುರುವಿಗೂ ಒಂದು ಹಾಸಿಗೆ

ನದಿಯ ದಂಡೆಯಲ್ಲಿ ಒಂದು ಆಶ್ರಮ, ಅದಕ್ಕೊಂದು ಮಕ್ಕಳ ಆಸ್ಪತ್ರೆ. ಅಲ್ಲಿ ಹಿರಿಯ ವೈದ್ಯೆ ನೀಲಾಂಬಿಕೆ ಗುರು, ಹೊಸದಾಗಿ ಡಾಕ್ಟರಾದ ಚನ್ನವೀರ ಶಿಷ್ಯ. ಯಾವ ಮಗುವಿನ ರಕ್ತಕ್ಕೆ ಕ್ರಿಮಿ ಇಳಿದಿದೆ ಎಂದು ಕಾವಲಿರುವುದು ಅವನ ಕೆಲಸ.

ಒಂದು ಮುಂಜಾನೆ, ಮೊದಲ ಗಿರಾಕಿ ಸಿಕ್ಕ ಅಂಗಡಿಯವನ ಹುರುಪಿನಲ್ಲಿ ಬಂದ.

"ಅಮ್ಮಾರ, ಜ್ವರದ ಹುಡುಗಿ ಕಾಶವ್ವನ ರಕ್ತ ತಗದು ಪರೀಕ್ಷೆಗೆ ಇಟ್ಟಿದ್ನೆಲ್ಲ, ಆ ಬಾಟಲಿಯೊಳಗ ಕ್ರಿಮಿ ಬೆಳದೈತಿ. ಜೋರು ಔಷಧ ಇವತ್ತೇ ಶುರು ಮಾಡ್ತೀನಿ."

"ಅದು ಮೂತ್ರಪಿಂಡಕ್ಕ ಹೊಡೀತೈತಿ, ಗೊತ್ತೈತಿಲ್ಲ?"

"ಗೊತ್ತೈತ್ರಿ. ರಕ್ತದಾಗ ಕ್ರಿಮಿ ಇಟ್ಟು ಮನೀಗೆ ಹೆಂಗ ಕಳಸೂದು?"

"ಹುಡುಗಿ ಹೆಂಗದಾಳ?"

"ಜ್ವರ ಇಳದೈತಿ. ರೊಟ್ಟಿ ಬೇಡಿದ್ಲು, ತಡ ಆತಂತ ನನ್ನ ಬೈದ್ಲು."

ನೀಲಾಂಬಿಕೆ ತೋಳು ಚಾಚಿದರು. "ಔಷಧಕ್ಕ ನಾಳೆತನಕ ತಡಿ. ಆಕಿ ಮ್ಯಾಲೆ ಕಣ್ಣಿರಲಿ. ಆಕೀದು ಹೆಂಗ ತಗದಿಯೋ ಹಂಗ ನಂದೂ ರಕ್ತ ತಗಿ."

ಗುರುವಿಗೇನು ಕಾಯಿಲೆಯೋ ಎಂದು ಅವನಿಗೆ ದಿಗಿಲು. ಕೇಳುವ ಧೈರ್ಯವಾಗಲಿಲ್ಲ. ಚರ್ಮ ಒರೆಸಿದ. ನರ ಎಲ್ಲಿದೆಯೆಂದು ಬೆರಳಿನಿಂದ ಒತ್ತಿ ನೋಡಿದ. ಸೂಜಿ ಚುಚ್ಚಿದ.

ಮರುದಿನ ಬಂದಾಗ ಅವನ ಮುಖ ಬಿಳಿಚಿತ್ತು. "ಅಮ್ಮಾರ, ನಿಮ್ಮ ಬಾಟಲಿಯೊಳಗೂ ಅದೇ ಕ್ರಿಮಿ."

"ಹಂಗಾರ ಕಾಶವ್ವನ ಪಕ್ಕ ನನಗೊಂದು ಹಾಸಿಗೆ ಹಾಕು. ಆಕೀಗೆ ಕೊಡೂ ಔಷಧಾನ ನನಗೂ ಕೊಡು."

"ನಿಮಗೇನಾಗೈತ್ರಿ? ಈಗಷ್ಟೇ ಹೊಳಿಯೊಳಗ ಈಸಿ ಬಂದೀರಿ."

"ಆಕಿ ರೊಟ್ಟಿ ತಿಂದಾಳ."

ಚನ್ನವೀರ ನಿನ್ನೆ ಮಾಡಿದ್ದನ್ನೆಲ್ಲ ಮನಸ್ಸಿನಲ್ಲಿ ಇನ್ನೊಮ್ಮೆ ಮಾಡಿ ನೋಡಿದ. ಒರೆಸಿದ ಚರ್ಮದ ಮೇಲೆ ಮತ್ತೆ ಬೆರಳಿಟ್ಟನಲ್ಲ, ಮನಸ್ಸು ಅಲ್ಲಿಗೆ ಬಂದು ನಿಂತಿತು. ತೋರುಬೆರಳನ್ನು ನೋಡಿಕೊಂಡ.

"ಸೇರಿಗೆ ಮಣ್ಣು ಮೆತ್ತಿದ್ರ, ಅಕ್ಕೀನ ಬೈದು ಏನು ಬಂತು?" ಎಂದರು ಗುರು.

ಅವನು ಕೈ ತೊಳೆದು ಕಾಶವ್ವನ ಬಳಿ ಹೋದ. ಈ ಸಲ ಮೊದಲೇ ನರ ಹುಡುಕಿಕೊಂಡ, ಆಮೇಲೆ ಒರೆಸಿದ, ಆರಲು ಬಿಟ್ಟ, ಮತ್ತೆ ಮುಟ್ಟಲಿಲ್ಲ. ಎರಡೂ ತೋಳಿನಿಂದ ರಕ್ತ ತೆಗೆದ. ಕಾದು ನೋಡಿದರೂ ಬಾಟಲಿಗಳಲ್ಲಿ ಏನೂ ಬೆಳೆಯಲಿಲ್ಲ. ಔಷಧವಿಲ್ಲದೆಯೇ ಕಾಶವ್ವ ತಾಯಿಯ ಸೊಂಟವೇರಿ ಮನೆಗೆ ಹೊರಟಳು, ತೋಳು ಚುಚ್ಚಿದವನತ್ತ ನಾಲಿಗೆ ಚಾಚಿ.

ಚನ್ನವೀರನ ಎದೆ ಹಗುರಾಯಿತು. "ಅಮ್ಮಾರ, ಈ ಕ್ರಿಮಿ ಗುರುತು ಸಿಕ್ತು. ಬರೇ ಚರ್ಮದ್ದು. ಇನ್ನ ಮುಂದ ಇದು ಕಂಡ್ರ ಬಿಟ್ಟುಬಿಡ್ತೀನಿ."

ನೀಲಾಂಬಿಕೆ ಮುಂದಿನ ಮಗುವಿನ ಹಾಸಿಗೆಯತ್ತ ನಡೆಯುತ್ತಲೇ ಹೇಳಿದರು:

"ನಿನ್ನೆ ಕದ ಬಡದಾಂವ ನೆಂಟ ಇದ್ದ ಅಂತ, ಇವತ್ತು ಅಗಳಿ ಹಾಕದ ಮಲಗ್ತೀಯೇನು?"